ಚಳಿಗಾಲದ ಬೂಷ್ಟು: ಬಣ್ಣಕ್ಕೆ ಮೊದಲು ನೀರಿನ ಮೂಲ ಹುಡುಕಿ

ಮಾನ್ಯ ಸಂಪಾದಕರೇ,

ದೀಪಾವಳಿಗೆಂದು ಬಳಿಸಿದ ಬಣ್ಣದ ಮೇಲೆ ಸಂಕ್ರಾಂತಿಯ ಹೊತ್ತಿಗೆ ಕಪ್ಪು ಚುಕ್ಕೆ ಏಳುವುದು ಪುಣೆಯ ಫ್ಲ್ಯಾಟ್‌ಗಳಲ್ಲಿ ಮಾಮೂಲಾಗಿದೆ. ಮನೆಯವರು ಪೇಂಟರನನ್ನು ಬೈಯುತ್ತಾರೆ, ಪೇಂಟರ್ ಬಿಲ್ಡರನನ್ನು, ಸೊಸೈಟಿಯ ಕಮಿಟಿಯವರು ಮಳೆಯನ್ನು. ಮಳೆ ನಿಂತು ಮೂರು ತಿಂಗಳಾದ ಮೇಲೂ ಬೂಷ್ಟು ಹೊಸದಾಗಿ ಹಬ್ಬುತ್ತಿದ್ದರೆ, ಅದಕ್ಕೆ ನೀರುಣಿಸುತ್ತಿರುವುದು ಹೆಚ್ಚಿನ ಕಡೆ ಮನೆಯದೇ ಅಡುಗೆ, ಸ್ನಾನ ಮತ್ತು ಒಗೆದ ಬಟ್ಟೆ.

ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ. 14.2 ಕಿಲೋದ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರಿನಷ್ಟು ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಕುಕ್ಕರಿನ ಸೀಟಿ, ಸಾರಿನ ಕುದಿ ಈ ಲೆಕ್ಕದಲ್ಲಿಲ್ಲ. ಬೇಸಿಗೆಯಲ್ಲಿ ಇದು ಕಿಟಕಿಯಿಂದ ಹೋಗಿಬಿಡುತ್ತದೆ. ಡಿಸೆಂಬರ್–ಜನವರಿಯಲ್ಲಿ ರಾತ್ರಿಯ ತಾಪಮಾನ 10–12 ಡಿಗ್ರಿಗೆ ಇಳಿದಾಗ ಕಿಟಕಿಗಳೆಲ್ಲ ಬಂದ್. ಒಳಗೆ 22 ಡಿಗ್ರಿ, ತೇವಾಂಶ ಶೇ 60 ಇದ್ದರೆ ಆ ಗಾಳಿ 14 ಡಿಗ್ರಿಯಷ್ಟು ತಣ್ಣಗಿನ ಮೇಲ್ಮೈ ತಾಕಿದಾಗ ಹನಿಗಟ್ಟುತ್ತದೆ. ಬಿಸಿಲು ಕಾಣದ ಉತ್ತರದ ಗೋಡೆ, ತೊಲೆ ಕೂಡುವ ಮೂಲೆ, ಕಪಾಟಿನ ಹಿಂಬದಿ ಇಂಥ ತಣ್ಣಗಿನ ಜಾಗಗಳು. ಬೂಷ್ಟಿಗೆ ಹನಿಗಟ್ಟುವವರೆಗೂ ಕಾಯಬೇಕಿಲ್ಲ. ಗೋಡೆಗೆ ತಗುಲಿದ ಗಾಳಿಯ ತೇವಾಂಶ ಕೆಲವು ದಿನ ಶೇ 80ರ ಮೇಲೆ ನಿಂತರೆ ಸಾಕು.

ನೀರು ಒಳಗಿನದೋ ಹೊರಗಿನದೋ ತಿಳಿಯಲು ದುಬಾರಿ ಯಂತ್ರ ಬೇಡ. ಗೋಡೆಯನ್ನು ಒರೆಸಿ ಒಣಗಿಸಿ, ಒಂದಡಿ ಚೌಕದ ಅಲ್ಯೂಮಿನಿಯಂ ಫಾಯಿಲನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಬೆಳಗಿನ ಜಾವ ಫಾಯಿಲಿನ ಮೇಲ್ಬದಿಯಲ್ಲಿ ಹನಿ ಕಂಡರೆ ಅದು ಮನೆಯ ಆವಿ. ಬಿಚ್ಚಿದಾಗ ಗೋಡೆಯ ಬದಿ ಒದ್ದೆಯಾಗಿದ್ದರೆ ಗೋಡೆಯೊಳಗಿನಿಂದ ನೀರು ಬರುತ್ತಿದೆ: ಪೈಪ್ ಜೋಡಣೆ, ಮೇಲಿನ ಮನೆಯ ಬಚ್ಚಲು, ಹೊರಗೋಡೆಯ ಬಿರುಕು. ಆಗ ಪ್ಲಂಬರ್, ಗಾರೆಯವರ ಕೆಲಸ ಮುಗಿಯದೆ ಪೇಂಟರನನ್ನು ಒಳಗೆ ಬಿಡಬೇಡಿ. ಬಿಳಿ ಪುಡಿ ಕಂಡ ಕೂಡಲೇ ಬೂಷ್ಟು ಎಂದುಕೊಳ್ಳುವುದೂ ತಪ್ಪು. ಒಂದು ಹನಿ ನೀರು ಹಾಕಿ ನೋಡಿ. ಕರಗಿ ಮಾಯವಾದರೆ ಅದು ಸಿಮೆಂಟು, ಇಟ್ಟಿಗೆಯಿಂದ ಹೊರಬಂದ ಉಪ್ಪು. ಅದಕ್ಕೆ ಬ್ಲೀಚ್ ಬಳಿದು ಪ್ರಯೋಜನವಿಲ್ಲ.

ಮನೆಯ ಆವಿಯೇ ಕಾರಣವೆಂದಾದರೆ ಮೊದಲು ನೋಡಬೇಕಾದ್ದು ಡ್ರೈ ಬಾಲ್ಕನಿ, ಅಂದರೆ ಅಡುಗೆಮನೆಗೆ ತಾಗಿದ ಪುಟ್ಟ ಬಾಲ್ಕನಿ. ಪುಣೆಯ ಅರ್ಧ ತೊಂದರೆ ಇಲ್ಲೇ ಇದೆ ಎಂಬುದು ನಮ್ಮ ಅನಿಸಿಕೆ. ಗಾಳಿಯಾಡಲೆಂದು ಬಿಟ್ಟ ಜಾಗಕ್ಕೆ ಸ್ಲೈಡಿಂಗ್ ಗಾಜು ಕೂರಿಸಿ, ಅದರೊಳಗೆ ವಾಷಿಂಗ್ ಮೆಷಿನ್ ಇಟ್ಟು, ಬಟ್ಟೆಯನ್ನೂ ಅಲ್ಲೇ ಒಣಹಾಕುತ್ತಾರೆ. ಮೆಷಿನ್ ಹಿಂಡಿದ ಮೇಲೂ ಒಂದು ಲೋಡ್ ಬಟ್ಟೆಯಲ್ಲಿ ಎರಡು ಲೀಟರಿನಷ್ಟು ನೀರು ಉಳಿದಿರುತ್ತದೆ. ಗಾಜು ತೆಗೆಯಲು ಮನಸ್ಸಿಲ್ಲದಿದ್ದರೆ ಬಟ್ಟೆ ಒಣಗುವಷ್ಟು ಹೊತ್ತು ಹೊರಗಿನ ಗಾಜು ತೆರೆದು, ಅಡುಗೆಮನೆಯ ಬಾಗಿಲು ಮುಚ್ಚಿಡಿ. ಗ್ಯಾಸ್ ಗೀಸರ್ ಇಂಥ ಮುಚ್ಚಿದ ಬಾಲ್ಕನಿಯಲ್ಲೋ ಬಚ್ಚಲಲ್ಲೋ ಇದ್ದರೆ ಬೂಷ್ಟಿನ ಮಾತು ಆಮೇಲೆ. ಅಲ್ಲಿ ಸೇರಿಕೊಳ್ಳುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ, ಆ ಗೀಸರನ್ನು ಇವತ್ತೇ ಬದಲಿಸಿ.

ಬೆಳಗಿನ ಚಳಿಗಾಳಿ ಒಳಗೆ ಬಂದರೆ ತೇವ ಹೆಚ್ಚುತ್ತದೆಂಬ ಭಯ ಹಲವರಿಗಿದೆ. 12 ಡಿಗ್ರಿಯ, ಶೇ 80 ತೇವಾಂಶದ ಗಾಳಿ ಒಳಗೆ ಬಂದು 22 ಡಿಗ್ರಿಗೆ ಬೆಚ್ಚಗಾದರೆ ಅದರ ತೇವಾಂಶ ಶೇ 42ರ ಆಸುಪಾಸಿಗೆ ಇಳಿಯುತ್ತದೆ. ಎದುರುಬದುರು ಕಿಟಕಿ ತೆರೆದು, ಅಡುಗೆ ಮುಗಿದ ಮೇಲೆ ಹದಿನೈದು ನಿಮಿಷ, ಮಧ್ಯಾಹ್ನ ಇನ್ನಷ್ಟು ಹೊತ್ತು ಗಾಳಿಯಾಡಿಸಿ. ಮುಂಬಯಿಯ ಕಡಲಂಚಿನಲ್ಲಿ ರಾತ್ರಿಯ ಗಾಳಿ ಇಷ್ಟು ಒಣಗಿರುವುದಿಲ್ಲ, ಅಲ್ಲಿ ಮಧ್ಯಾಹ್ನವೇ ಸರಿಯಾದ ಹೊತ್ತು. ಗೋವಾದ ಹಳೆಯ ಕೆಂಪುಕಲ್ಲಿನ ಗೋಡೆಗಳಿಗೆ ಪ್ಲಾಸ್ಟಿಕ್ ಪೇಂಟ್ ಬೇಡ, ಸುಣ್ಣವೇ ಒಳ್ಳೆಯದು. ಅದು ಗೋಡೆಯ ತೇವವನ್ನು ಹೊರಬಿಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟು ಹತ್ತುವುದೂ ಕಷ್ಟ.

ಕಪಾಟುಗಳನ್ನು ಹೊರಗೋಡೆಯಿಂದ ಎರಡು–ಮೂರು ಇಂಚು ಸರಿಸಿ. ಗೋಡೆಗೇ ಕೂರಿಸಿದ ವಾರ್ಡ್‌ರೋಬ್ ಆದರೆ ಬಾಗಿಲಿಗೆ ಮೇಲೊಂದು, ಕೆಳಗೊಂದು ಜಾಲಿ ಹಾಕಿಸಿ. ಇಳಕಲ್ ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಹುಳುವಿಗೆ, ಬೂಷ್ಟಿಗಲ್ಲ. ಬಟ್ಟಲಲ್ಲಿ ಉಪ್ಪು ಇಡುವ ಉಪಾಯವೂ ಅಷ್ಟಕ್ಕಷ್ಟೇ. ಅಡುಗೆಯ ಪುಡಿ ಉಪ್ಪು ನೀರೆಳೆಯುವುದು ತೇವಾಂಶ ಶೇ 75ರ ಹತ್ತಿರ ಬಂದ ಮೇಲೆ, ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಇದೇ ಗುಣದಿಂದ ಅಗ್ಗದ ತೇವಾಂಶ ಮಾಪಕವನ್ನು ಪರೀಕ್ಷಿಸಬಹುದು. ಒಂದು ಮುಚ್ಚಳದಲ್ಲಿ ಉಪ್ಪಿಗೆ ಕೆಲವು ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತಂದು, ಮಾಪಕದ ಜೊತೆ ಜಿಪ್ ಚೀಲದಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಗ್ಗೆ 75 ತೋರಿಸಬೇಕು, 70 ತೋರಿಸಿದರೆ ಆಮೇಲೆ ಐದು ಕೂಡಿಸಿಕೊಂಡು ಓದಿ. ಮಾಪಕವನ್ನು ಹಾಲ್‌ನಲ್ಲಿ ಅಲಂಕಾರಕ್ಕಿಡದೆ ಕಪಾಟಿನ ಹಿಂದೆ ಇಡಿ. ಶೇ 60ರ ಕೆಳಗಿರುವುದು ಗುರಿ.

ಬಂದ ಬೂಷ್ಟನ್ನು ಒಣ ಬ್ರಷ್‌ನಿಂದ ಉಜ್ಜಿದರೆ ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಎನ್‌95 ಮಾಸ್ಕ್, ಕೈಗವಸು ಹಾಕಿ, ಕಿಟಕಿ ತೆರೆದು, ಸಾಬೂನು ನೀರು ಸಿಂಪಡಿಸಿ ಒದ್ದೆ ಬಟ್ಟೆಯಿಂದ ಒರೆಸಿ. ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ದಮ್ಮಿನ ತೊಂದರೆ ಇರುವವರು ಆ ಕೋಣೆಯಲ್ಲಿ ಇರಬಾರದು. ಟೈಲ್ಸ್ ಸಂದಿಗೆ ಒಂದು ಪಾಲು ಬ್ಲೀಚ್, ಹತ್ತು ಪಾಲು ನೀರು ಸರಿ. ಅದಕ್ಕೆ ವಿನೆಗರ್ ಆಗಲಿ ಕಕ್ಕಸು ತೊಳೆಯುವ ಆ್ಯಸಿಡ್ ಆಗಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗೋಡೆಗೆ ಬ್ಲೀಚ್ ಹೆಚ್ಚು ಕೆಲಸ ಮಾಡುವುದಿಲ್ಲ: ನೀರು ಪ್ಲಾಸ್ಟರಿನೊಳಗೆ ಇಳಿಯುತ್ತದೆ, ಮೇಲಿನ ಬಣ್ಣವಷ್ಟೇ ಬಿಳಿಯಾಗುತ್ತದೆ. ಉಬ್ಬಿದ ಬಣ್ಣ, ಮೆತ್ತಗಾದ ಪುಟ್ಟಿ ಪೂರ್ತಿ ಕೆರೆದು, ಫಾಯಿಲ್ ಪರೀಕ್ಷೆ ಒಣಗಿದೆ ಎಂದ ಮೇಲೆಯೇ ಬೂಷ್ಟು ನಿರೋಧಕ ಪ್ರೈಮರ್ ಹೊಡೆಸಿ. ಜಿಪ್ಸಂ ಪ್ಲಾಸ್ಟರ್ ನೆನೆದು ಪುಡಿಯಾಗುತ್ತಿದ್ದರೆ ಅಷ್ಟು ಭಾಗ ಕಿತ್ತು ಹೊಸದಾಗಿ ಮಾಡಿಸುವುದೊಂದೇ ದಾರಿ.

ಸೊಸೈಟಿ ಕಮಿಟಿಗಳಿಗೆ ಒಂದು ಕೋರಿಕೆ. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಸ್ನಾನದ ನಂತರ ಇಪ್ಪತ್ತು ನಿಮಿಷ ತಿರುಗಬೇಕು, ಬಾಗಿಲ ಕೆಳಗೆ ಅರ್ಧ ಇಂಚು ಸಂದಿ ಇರಬೇಕು. ಇದು ಮನೆಯವರ ಪಾಲಿನದು. ಆದರೆ ಎಲ್ಲ ಫ್ಯಾನ್‌ಗಳೂ ಒಂದೇ ಡಕ್ಟ್‌ಗೆ (ಬಚ್ಚಲುಗಳ ಗಾಳಿ ಮೇಲೆ ಹೋಗಲು ಬಿಟ್ಟ ಕಿಂಡಿಗೆ) ಬಾಯಿ ತೆರೆದಿದ್ದು, ಮೇಲ್ಭಾಗಕ್ಕೆ ಯಾರೋ ತಗಡು ಹೊದಿಸಿದ್ದರೆ ಒಬ್ಬರ ಬಚ್ಚಲಿನ ಆವಿ ಇನ್ನೊಬ್ಬರ ಬಚ್ಚಲಿಗೆ. ಫ್ಯಾನ್ ಹಾಕಿ ದಿನಪತ್ರಿಕೆಯ ಒಂದು ಚೂರು ಹಿಡಿದು ನೋಡಿ (ಓದಿ ಮುಗಿಸಿದ ಪುಟವಾಗಲಿ). ಅದು ಜಾಲಿಗೆ ಅಂಟಿ ನಿಲ್ಲಬೇಕು. ಪಕ್ಕದ ಮನೆಯ ಫ್ಯಾನ್ ಶುರುವಾದೊಡನೆ ಬಿದ್ದುಹೋದರೆ, ಡಕ್ಟಿನ ತಗಡು ತೆಗೆಸಿ, ಪ್ರತಿ ಫ್ಯಾನ್‌ಗೂ ಗಾಳಿ ಹಿಂದೆ ಬರದಂತೆ ಮುಚ್ಚಿಕೊಳ್ಳುವ ಪಟ್ಟಿ ಹಾಕಿಸುವುದು ಕಮಿಟಿಯ ಕೆಲಸ.

— ಕಟ್ಟಡ ದುರಸ್ತಿ ಕೆಲಸದ ಕನ್ನಡಿಗರು, ಕೋಥ್ರೂಡ್, ಪುಣೆ