ನಮ್ಮ ಜಗಲಿಯಲ್ಲಿ ಉಂಡು ಹೋದ ಎಲ್ಲರಿಗೂ

ಮೊನ್ನೆ ಶನಿವಾರ ನಮ್ಮ ಮನೆಯಲ್ಲಿ ಯಕ್ಷಗಾನ ಮೇಳದವರ 24ನೇ ಊಟ ಮುಗಿಯಿತು. ಎಲ್ಲರೂ ಹೋದ ಮೇಲೆ ಜಗಲಿ ಒರೆಸುವಾಗ ಅನ್ನಿಸಿತು, ಈ ಎರಡು ವರ್ಷದಲ್ಲಿ ಒಬ್ಬರಿಗೂ ನಾನು ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ. ಬಡಿಸುವ ಗಡಿಬಿಡಿಯಲ್ಲಿ ಪುರುಸೊತ್ತೇ ಸಿಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ಸಾಗರ ತಾಲ್ಲೂಕಿನ ಸಣ್ಣ ಊರು. ಅಡಿಕೆ ತೋಟದ ನಡುವೆ ಹದಿನೆಂಟು ಮನೆ. ಮಾವನವರ ಕಾಲದಿಂದ ಇಲ್ಲೊಂದು ಹವ್ಯಾಸಿ ಯಕ್ಷಗಾನ ಮೇಳ ಇದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಎಲ್ಲ ಕಡೆ ಆಟ ನಿಂತವು. ದೊಡ್ಡ ಮೇಳಗಳು ಹೇಗೋ ಮತ್ತೆ ತಿರುಗಾಟಕ್ಕೆ ಹೊರಟವು. ನಮ್ಮದು ಏಳಲಿಲ್ಲ. ಪದ ಹಾಡುವ ಭಾಗವತರು ಮಗನ ಮನೆಗೆ ಅಂತ ಬೆಂಗಳೂರಿಗೆ ಹೋದರು. ವೇಷದ ಪೆಟ್ಟಿಗೆಗೆ ಗೆದ್ದಲು ಹಿಡಿಯಿತು. ದೇವಸ್ಥಾನದಲ್ಲಿ ಮೂರು ಸಲ ಮೀಟಿಂಗ್ ಆಯಿತು. ಮೂರೂ ಸಲ ಭಾಷಣ ಮಾಡಿ, ಕಾಫಿ ಕುಡಿದು ಎದ್ದರು. ಆಗ ನಮ್ಮ ಯಜಮಾನರು, "ಎಲ್ಲರನ್ನೂ ಒಂದಿನ ಊಟಕ್ಕೆ ಕರೆಯೋಣ್ವಾ?" ಅಂದರು. ಶುರುವಾಗಿದ್ದು ಹಾಗೆ.

ತಿಂಗಳಿಗೊಮ್ಮೆ, ಎರಡನೇ ಶನಿವಾರ ರಾತ್ರಿ. ನಿಯಮ ಎರಡೇ: ಭಾಷಣ ಇಲ್ಲ, ಮಜ್ಜಿಗೆ ಬರುವ ತನಕ ಯಾರೂ ಏಳುವ ಹಾಗಿಲ್ಲ.

ಮೊದಲ ಊಟದ ದಿನ ಮದ್ದಳೆಗೆ ಮುಚ್ಚಿಗೆ, ಅಂದರೆ ಚರ್ಮದ ಹೊದಿಕೆ, ಹಾಕುವವರು ಅಂಗಳದ ಕಟ್ಟೆಯ ಮೇಲೇ ಕೂತುಬಿಟ್ಟರು. ನಮ್ಮ ಮೇಳದ ಚಂಡೆ, ಮದ್ದಳೆ ಎರಡನ್ನೂ ಮೂವತ್ತು ವರ್ಷದಿಂದ ನೋಡಿಕೊಂಡವರು ಅವರು. "ನಂಗೆ ಇಲ್ಲೇ ಆಗ್ತದೆ" ಅಂದರು. ಯಾಕೆ ಹಾಗಂದರು ಅಂತ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. 78 ವರ್ಷದ ನಮ್ಮ ಅತ್ತೆ ನಿಧಾನಕ್ಕೆ ಮೆಟ್ಟಿಲಿಳಿದು ಹೋದರು. "ಏಳಿ, ಎಲೆ ಹಾಕಿ ಆಯ್ತು. ನೀವು ಬರದೆ ಯಾರೂ ಕೂರೋದಿಲ್ಲ" ಅಂದರು. ಕರೆದುಕೊಂಡು ಬಂದು ತಮ್ಮ ಪಕ್ಕದ ಎಲೆಗೇ ಕೂರಿಸಿದರು. ಅತ್ತೆ, ಮೊದಲ ಕೃತಜ್ಞತೆ ನಿಮಗೆ. ಆ ದಿನ ನೀವು ಏಳದೇ ಇದ್ದಿದ್ದರೆ ಎರಡನೇ ಊಟ ಇರುತ್ತಿತ್ತೋ ಇಲ್ಲವೋ.

ಅವತ್ತೇ ಮುಚ್ಚಿಗೆಯವರು ಎಲೆಯ ಮೇಲಿನ ಅನ್ನವನ್ನು ಹೆಬ್ಬೆರಳಲ್ಲಿ ನುರಿದು ತೋರಿಸಿದರು. ಮದ್ದಳೆಯ ಮೇಲೆ ಕಪ್ಪಗೆ ದುಂಡಗೆ ಕಾಣುತ್ತದಲ್ಲ, ಕರ್ಣ, ಅದಕ್ಕೂ ಅನ್ನ ಬೇಕು. ಕಪ್ಪು ಪುಡಿ ಸೇರಿಸಿ ಅರೆದು, ತೆಳ್ಳಗೆ ಒಂದರ ಮೇಲೊಂದು ಪದರ ಹಾಕುತ್ತಾ ಹೋಗಬೇಕು. ಒಂದು ಪದರ ದಪ್ಪ ಆದರೂ ನಾದ ಸತ್ತುಹೋಗುತ್ತದೆ. ಮಳೆಗಾಲದಲ್ಲಂತೂ ಚರ್ಮ ಸಡಿಲ ಬಿದ್ದು ಎಲ್ಲ ಮೊದಲಿಂದ ಮಾಡಬೇಕು. ಅಷ್ಟು ವರ್ಷ ಆಟ ನೋಡಿದ ನಮಗೆ ಇದೊಂದೂ ಗೊತ್ತಿರಲಿಲ್ಲ. ಹುಡುಗರು ಊಟ ಬಿಟ್ಟು ಅವರ ಬೆರಳನ್ನೇ ನೋಡುತ್ತಿದ್ದರು.

ಮೂರನೇ ಊಟದಲ್ಲಿ ದುಡ್ಡಿನ ಮಾತು ಬಂತು. ಮೀಟಿಂಗುಗಳಲ್ಲಿ ಎಲ್ಲರೂ ಕಲಾಸೇವೆ ಅಂತಲೇ ಹೇಳುತ್ತಿದ್ದರು. ಅವತ್ತು ಅಪ್ಪೆಹುಳಿ ಬಡಿಸುತ್ತಿದ್ದೆ. ಮದ್ದಳೆ ಬಾರಿಸುವವರು ತಲೆ ತಗ್ಗಿಸಿಕೊಂಡೇ ಹೇಳಿದರು: "ಹೋದ ವರ್ಷ ಒಂದು ಕಡೆ ನಾಲ್ಕು ತಾಸು ಬಾರಿಸಿದೆ. 600 ರೂಪಾಯಿ ಕೊಟ್ರು, ಅದೂ ಎರಡು ತಿಂಗಳ ಮೇಲೆ. ಗಾಡಿ ಬಾಡಿಗೆಗೇ 400 ಹೋಗಿತ್ತು." ಪಂಕ್ತಿ ಸುಮ್ಮನಾಯಿತು. ಆಮೇಲೆ ಸ್ತ್ರೀವೇಷ ಮಾಡುವ ಹುಡುಗ ತನ್ನ ಕಥೆ ಹೇಳಿದ. ಆಮೇಲೆ ಚಂಡೆಯವರು. ಅನ್ನ ಆರಿ ತಣ್ಣಗಾಯಿತು, ಯಾರೂ ಏಳಲಿಲ್ಲ. ಅಷ್ಟು ವರ್ಷ ಒಟ್ಟಿಗೇ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕಳೆದವರು ಅವರು. ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಅವತ್ತೇ ಒಂದು ತೀರ್ಮಾನ ಆಯಿತು. ನಮ್ಮ ಆಟಕ್ಕೆ ಬಂದವರಿಗೆ ಅದೇ ರಾತ್ರಿ, ಬಣ್ಣ ತೆಗೆಯುವ ಮೊದಲು, ಚೌಕಿಯಲ್ಲೇ ಸಂಭಾವನೆ. ಈವರೆಗೆ ಒಂದು ಸಲವೂ ತಪ್ಪಿಲ್ಲ. ಮದ್ದಳೆಯವರೇ, ನೀವು ಅವತ್ತು ಬಾಯಿ ಬಿಟ್ಟಿದ್ದಕ್ಕೆ ನಾವೆಲ್ಲ ಋಣಿ. ನಾಚಿಕೆ ಪಡಬೇಕಾಗಿದ್ದು ನೀವಲ್ಲ.

ಹೊರಗಿಂದ ಬಂದು ಮಾತಾಡಿದವರಿಗೂ ನಮಸ್ಕಾರ. ಹೆಗ್ಗೋಡಿನ ಕಡೆಯ ಹಿರಿಯರೊಬ್ಬರು ಎರಡು ಸಲ ಬಂದಿದ್ದರು. ಅಲ್ಲಿನ ನಾಟಕ ಸಂಸ್ಥೆ ನೀನಾಸಂ 1949ರಲ್ಲಿ ಶುರುವಾದದ್ದು, ನಮ್ಮ ಹಾಗೇ ಅಡಿಕೆ ತೋಟದವರ ಊರಲ್ಲಿ. ತಿರುಗಾಟ ಅಂತ ನಾಟಕ ಹೊತ್ತು ಊರೂರು ಸುತ್ತಲು ಹೊರಟಿದ್ದು 1985ರಲ್ಲಿ. ನಡುವೆ ಮೂವತ್ತಾರು ವರ್ಷ! "ನೀವು ಎರಡೇ ವರ್ಷಕ್ಕೆ ಸುಸ್ತಾದ್ರೆ ಹೇಗೆ?" ಅಂತ ಅವರು ಕೇಳಿದ್ದು ಈಗಲೂ ಕಿವಿಯಲ್ಲಿದೆ. ಉಡುಪಿಯ ಯಕ್ಷಗಾನ ಕಲಾರಂಗದ ಬಗ್ಗೆ ಹೇಳಿದವರು ಇನ್ನೊಬ್ಬರು. 1975ರಿಂದ ಇರುವ ಸಂಸ್ಥೆ. ಕಲಾವಿದರ ವಿಮೆ, ಮನೆ, ಮಕ್ಕಳ ಓದು, ಇವನ್ನೆಲ್ಲ ತಲೆಗೆ ಹಚ್ಚಿಕೊಂಡಿದೆ. ಸನ್ಮಾನದ ಶಾಲು ಹೊದೆಸುವುದಕ್ಕಿಂತ ಇದು ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ನಮಗೆ ಅಷ್ಟು ಶಕ್ತಿ ಎಲ್ಲಿ ಬರಬೇಕು? ಆದರೂ ಅಡಿಗೆಮನೆಯ ಗೂಡಿನಲ್ಲಿ ಒಂದು ಡಬ್ಬಿ ಇಟ್ಟೆವು. ಉಂಡವರು ಕೈಲಾದಷ್ಟು ಹಾಕುತ್ತಾರೆ. ಈ ಮಳೆಗಾಲದಲ್ಲಿ ಎರಡು ಮದ್ದಳೆಗೆ ಹೊಸ ಮುಚ್ಚಿಗೆ ಬಂದಿದ್ದು ಆ ಡಬ್ಬಿಯಿಂದಲೇ.

ಜಗಳವೂ ಆಗಿದೆ. ಜಾಸ್ತಿ ಆಗಿದ್ದು ಇಡೀ ರಾತ್ರಿ ಆಟವೋ, ಕಾಲಮಿತಿಯೋ ಅನ್ನುವುದಕ್ಕೆ. ರಾತ್ರಿ 10ರ ಮೇಲೆ ಮೈಕಿಗೆ ನಿರ್ಬಂಧ, ಬೆಳಿಗ್ಗೆ ಮಕ್ಕಳಿಗೆ ಶಾಲೆ ಅಂತ ಒಂದು ಕಡೆಯವರು. ಮೂರು ತಾಸಲ್ಲಿ ಒಡ್ಡೋಲಗ (ವೇಷಗಳ ಮೊದಲ ಪ್ರವೇಶದ ಕುಣಿತ) ಮುಗಿಯೋದು ಯಾವಾಗ, ಪ್ರಸಂಗ ನಡೆಯೋದು ಯಾವಾಗ ಅಂತ ಇನ್ನೊಂದು ಕಡೆಯವರು. ನನಗೆ ಇಂದಿಗೂ ಬೆಳಗಿನ ಜಾವದ ಪದವೇ ಇಷ್ಟ. ನಿದ್ದೆಗಣ್ಣಲ್ಲಿ, ಕಂಬಳಿ ಹೊದ್ದು ಕೇಳಿದ ಆ ಏರು ಶ್ರುತಿ ಬೇರೆ ಹೊತ್ತಲ್ಲಿ ಸಿಗುವುದಿಲ್ಲ. ಆದರೆ ಸಂಜೆ ಆರಕ್ಕೆ ಶುರು ಮಾಡಿದ ಆಟಕ್ಕೆ ನಮ್ಮ ಊರಿನ ಮಕ್ಕಳೆಲ್ಲ ಕೊನೆವರೆಗೂ ಕೂತಿದ್ದನ್ನು ಈ ಕಣ್ಣಲ್ಲೇ ನೋಡಿದೆ. ಈಗ ವರ್ಷಕ್ಕೊಂದು ಇಡೀ ರಾತ್ರಿ, ಮೈಕಿಲ್ಲದೆ. ಉಳಿದವು ಸಂಜೆ. ಸಿಟ್ಟಲ್ಲಿ ಎಲೆ ಮಡಚಿ ಹೋಗಿ, ಮುಂದಿನ ತಿಂಗಳು ತಾವೇ ಬಾಳೆಎಲೆ ಕೊಯ್ದು ತಂದ ಅಣ್ಣನಿಗೆ ದೊಡ್ಡ ಥ್ಯಾಂಕ್ಸ್.

ಹೋದ ಆಷಾಢದಲ್ಲಿ ನಾನು ತೋಟದ ಸಂಕದ ಮೇಲೆ ಜಾರಿ ಬಿದ್ದು ಕೈ ಮುರಿದುಕೊಂಡೆ. ಆ ತಿಂಗಳು ಊಟ ಇಲ್ಲ ಅಂತಲೇ ಅಂದುಕೊಂಡಿದ್ದೆ. ಮಳೆ ಅಂದರೆ ಅಂಥಾ ಮಳೆ, ಕರೆಂಟೂ ಇಲ್ಲ. ಏಳು ಗಂಟೆಗೆ ಬಾಗಿಲಲ್ಲಿ ಟಾರ್ಚ್ ಬೆಳಕು. ಒಬ್ಬರ ಕೈಯಲ್ಲಿ ಅನ್ನದ ಪಾತ್ರೆ, ಒಬ್ಬರ ಹತ್ತಿರ ಒಂದೆಲಗದ ತಂಬುಳಿ, ಪತ್ರೊಡೆ. ಪಾತ್ರೆ ನೆನೆಯದಂತೆ ಹಿಡಿದು ತಾವು ಪೂರ್ತಿ ನೆನೆದಿದ್ದರು. ನಾನು ಕೈಗೆ ಪಟ್ಟಿ ಕಟ್ಟಿಕೊಂಡು ಗೋಡೆಗೊರಗಿ ಕೂತೆ. ಎರಡು ವರ್ಷದಲ್ಲಿ ಅದೊಂದೇ ದಿನ ನಾನು ಎಲ್ಲರ ಜೊತೆ ಪಂಕ್ತಿಯಲ್ಲಿ ಉಂಡಿದ್ದು. ಲಾಟೀನಿನ ಬೆಳಕಲ್ಲಿ ಭಾಗವತರು ಒಂದು ಪದ ಹೇಳಿದರು. ಹೌದು, ಬೆಂಗಳೂರಿಂದ ಬಂದುಬಿಟ್ಟಿದ್ದಾರೆ! ಈಗ ಭಾನುವಾರ ಶಾಲೆಯ ಜಗಲಿಯಲ್ಲಿ ಹನ್ನೊಂದು ಮಕ್ಕಳಿಗೆ ತಾಳ ಹೇಳಿಕೊಡುತ್ತಾರೆ. ಅದರಲ್ಲಿ ಏಳು ಹೆಣ್ಣುಮಕ್ಕಳು.

ಭಾಗವತರೇ, ವಾಪಸ್ ಬಂದಿದ್ದಕ್ಕೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ನಿಮ್ಮನ್ನು ಕಳಿಸಿಕೊಟ್ಟ ಮಗ, ಸೊಸೆಗೂ ನಮ್ಮ ಊರಿನ ನಮಸ್ಕಾರ ತಿಳಿಸಿ.

25ನೇ ಊಟ ನಮ್ಮ ಮನೆಯಲ್ಲಿ ಅಲ್ಲ. ಮುಚ್ಚಿಗೆ ಹಾಕುವವರ ಮನೆಯಲ್ಲಿ. ಮೊನ್ನೆ ಕೈ ತೊಳೆದು ಬಂದು ಅವರೇ ಕರೆದರು. ಎಷ್ಟು ಎಲೆ ಬೇಕಾಗಬಹುದು ಅಂತ ಅವರ ಮನೆಯವರು ನಿನ್ನೆ ಫೋನ್ ಮಾಡಿ ಕೇಳಿದರು. ಮೂವತ್ತು ಅಂದೆ. "ಅಮ್ಮನೂ ಬರ್ತಾರಲ್ವಾ?" ಅಂದರು. ಅತ್ತೆ ಆಗಲೇ ಮಿಡಿ ಉಪ್ಪಿನಕಾಯಿಯ ಜಾಡಿ ಒರೆಸಿ, ಬಾಯಿಗೆ ಬಟ್ಟೆ ಕಟ್ಟಿ, ಬಾಗಿಲ ಹತ್ತಿರ ಇಟ್ಟುಕೊಂಡಿದ್ದಾರೆ.