ಅವತ್ತು ಶಟರ್ ಅರ್ಧ ಎಳೆದು ಬೆಳಗಿನ ತನಕ ಕೂತಿದ್ದ ಅಣ್ಣನಿಗೆ

ನಿನ್ನೆ ಸಂಜೆ ಮೇಲ್ ಬಂತು. ನಮ್ಮ ಪ್ಯಾಚ್‌ಗಳ, ಅಂದ್ರೆ ನಾವು ಕಳಿಸಿದ ಕೋಡ್ ಬದಲಾವಣೆಗಳ, ಒಂಬತ್ತನೇ ವರ್ಷನ್‌ನ ಲಿನಕ್ಸ್ ನೋಡ್ಕೊಳ್ಳೋರು ಒಪ್ಕೊಂಡಿದಾರೆ. ಹಳ್ಳಿ ಡೈರಿಗಳಲ್ಲಿ ಹಾಲು ಅಳೆಯೋ ಮಷೀನ್‌ನ ಸ್ಕ್ರೀನ್‌ಗೆ ಅಂತ ಶುರು ಮಾಡಿದ ಗ್ರಾಫಿಕ್ಸ್ ಡ್ರೈವರ್, ಅಂದ್ರೆ ಸ್ಕ್ರೀನ್ ಮೇಲೆ ಚಿತ್ರ ಬರೆಸೋ ಕೋಡ್, ಅದರ ಮೆಮೊರಿ ಹಂಚೋ ಭಾಗ ಈಗ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಹೋಗುತ್ತೆ. ಹದಿನಾಲ್ಕು ತಿಂಗಳ ಕೆಲಸ. ಅಪ್ಪನ ಆಪರೇಷನ್ನು, ನಾನು ಬೆಂಗಳೂರು ಬಿಟ್ಟು ತುಮಕೂರಲ್ಲೇ ಕೂತು ಕೆಲಸ ಮಾಡಿದ್ದು, ಅದೆಲ್ಲ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿರೋದೇ, ಮತ್ತೆ ಬರೆಯಲ್ಲ. ಥ್ಯಾಂಕ್ಸ್ ಹೇಳೋದಿದೆ, ಅದಕ್ಕೆ ಬರೀತಿದೀನಿ.

ಮೊದಲು ಟೀಮ್‌ನ ಮೂರೂ ಜನಕ್ಕೆ, ರಜೆ ಕೇಳಿದಾಗೆಲ್ಲ ಒಂದು ಮಾತೂ ಆಡದೆ ಕೊಟ್ಟ ಮ್ಯಾನೇಜರ್‌ಗೆ, ಅಮ್ಮನಿಗೆ, ರಾತ್ರಿ ಎಲ್ಲ ಲೈಟ್ ಹಾಕ್ಕೊಂಡು ಕೂತ್ರೂ ಬೈಯದ ಹೆಂಡತಿಗೆ, ಆಸ್ಪತ್ರೆಗೆ ಊಟ ತಂದುಕೊಟ್ಟ ಬಟವಾಡಿಯ ಚಿಕ್ಕಮ್ಮನಿಗೆ. 2008ರಲ್ಲಿ ಗ್ರಾಫಿಕ್ಸ್ ಮೆಮೊರಿ ನೋಡ್ಕೊಳ್ಳೋ ಜೆಮ್ ಅನ್ನೋ ಬುನಾದಿ ಹಾಕಿದ ಕೀತ್ ಪ್ಯಾಕರ್ಡ್, ಎರಿಕ್ ಆನ್‌ಹೋಲ್ಟ್‌ಗೆ, 2012ರಲ್ಲಿ 3.3 ಕರ್ನಲ್‌ಗೆ, ಬೇರೆ ಬೇರೆ ಡ್ರೈವರ್‌ಗಳು ಒಂದೇ ಮೆಮೊರಿ ಹಂಚ್ಕೊಳ್ಳೋ ಡಿಎಂಎ-ಬಫ್ ತಂದ ಸುಮಿತ್ ಸೆಮ್ವಾಲ್‌ಗೆ, ಅವರಿಗೆ ನಾನು ಯಾರು ಅಂತಾನೇ ಗೊತ್ತಿಲ್ಲ, ಆದ್ರೂ ದಿನಾ ಅವರ ಕೋಡ್ ಓದ್ಕೊಂಡೇ ನಾನು ಕಲ್ತಿದ್ದು.

ರಿವ್ಯೂ ಮಾಡಿದವರಿಗೂ. ಮೊದಲನೇ ವರ್ಷನ್ ಓದಿ ಒಬ್ಬರು ಬರೆದಿದ್ರು, ಬಫರ್‌ಗೆ, ಅಂದ್ರೆ ಚಿತ್ರ ಇಡೋ ಮೆಮೊರಿ ತುಂಡಿಗೆ, ಹ್ಯಾಂಡಲ್ ಕೊಟ್ಟ ಮೇಲೂ ನೀನು ಆ ಬಫರ್ ಮುಟ್ತಿದೀಯ, ಅಷ್ಟರಲ್ಲಿ ಜೊತೆಗೇ ಓಡ್ತಿರೋ ಇನ್ನೊಂದು ಕೆಲಸದ ಎಳೆ, ಅಂದ್ರೆ ಥ್ರೆಡ್, ಅದನ್ನ ಮುಚ್ಚಿಬಿಟ್ರೆ ಅಂತ. ಹ್ಯಾಂಡಲ್ ಅಂದ್ರೆ ಒಂದು, ಎರಡು, ಮೂರು ಅಂತ ಬರೋ ಚಿಕ್ಕ ನಂಬರ್, ಮುಂದಿನದು ಯಾವುದು ಅಂತ ಯಾರು ಬೇಕಾದ್ರೂ ಊಹಿಸಬಹುದು, ಹಾಗಾಗಿ ಹ್ಯಾಂಡಲ್ ಕೊಡೋದು ಕಟ್ಟಕಡೆಯ ಕೆಲಸ ಆಗಿರ್ಬೇಕು. ಇನ್ನೊಬ್ಬರು ಚಿತ್ರದ ಸೈಜ್ ಲೆಕ್ಕ ನೋಡಿ ನಿಲ್ಸಿದ್ರು, 65536ನ್ನ 65536ರಿಂದ ಗುಣಿಸಿದ್ರೆ ಉತ್ತರ 32 ಬಿಟ್‌ನಲ್ಲಿ ಹಿಡಿಸದೆ ಸೊನ್ನೆ ಬರುತ್ತೆ, ಸೊನ್ನೆ ಬೈಟ್ ಮೆಮೊರಿ ಕೊಟ್ಟು ಅಷ್ಟು ದೊಡ್ಡ ಚಿತ್ರ ಬರೀರಿ ಅಂತ ಬಿಟ್ಟಂಗಾಗ್ತಿತ್ತು. ಹಂಗೇ, ಪ್ರೋಗ್ರಾಂಗಳು ಡ್ರೈವರ್‌ಗೆ ಮಾಹಿತಿ ತುಂಬಿ ಕಳಿಸೋ ಸ್ಟ್ರಕ್ಟ್‌ನಲ್ಲಿ ಮುಂದಕ್ಕೆ ಅಂತ ಖಾಲಿ ಬಿಟ್ಟಿರೋ ಜಾಗ ಸೊನ್ನೆನೇ ಇದೆಯಾ ಅಂತ ಇವತ್ತೇ ಚೆಕ್ ಮಾಡ್ಬೇಕು, ಇಲ್ಲದಿದ್ರೆ ಯಾವುದೋ ಪ್ರೋಗ್ರಾಂ ಅಲ್ಲಿ ಕಸ ತುಂಬಿ ಕಳಿಸ್ತಿರುತ್ತೆ, ನಾಳೆ ಆ ಜಾಗ ನಮಗೇ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ಒಂದ್ಸಲ ಹೊರಗೆ ಕೊಟ್ಟ ಇಂಟರ್ಫೇಸ್‌ನ ವಾಪಸ್ ತಗೊಳ್ಳೋ ಹಂಗಿಲ್ಲ. ಇದನ್ನೆಲ್ಲ ಬೇಜಾರಿಲ್ಲದೆ ಒಂಬತ್ತು ಸಲ ಓದಿದ್ರು.

ಈಗ ಅಶೋಕ ರಸ್ತೆ ಹತ್ರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರೋ ಅಣ್ಣನ ವಿಷಯ. ಹೆಸರು ಹಾಕ್ಬೇಡ ಅಂದಿದಾರೆ, ಹಾಕಲ್ಲ.

ಹಾಲಿನ ಮಷೀನ್ ಒಳಗಿರೋ ನಮ್ಮ ಬೋರ್ಡ್ ವಾರದಲ್ಲಿ ಒಂದೋ ಎರಡೋ ಸಲ ಪೂರ್ತಿ ಹೆಪ್ಪುಗಟ್ಟಿದಂಗೆ ನಿಂತ್ಬಿಡ್ತಿತ್ತು. ಡೈರಿಲಿ ಬೆಳಿಗ್ಗೆ ಆರು ಗಂಟೆಗೆ ಜನ ಕ್ಯಾನ್ ಹಿಡ್ಕೊಂಡು ನಿಂತಿರ್ತಾರೆ, ಸ್ಕ್ರೀನ್ ನಿಂತ್ರೆ ಸಾಲು ನಿಲ್ಲುತ್ತೆ, ಹಾಲು ಕಾಯಲ್ಲ. ನಮ್ಮಪ್ಪ ಇಪ್ಪತ್ತು ವರ್ಷ ಅದೇ ಸಾಲಲ್ಲಿ ನಿಂತೋರು, ಅದು ನನಗೆ ಯಾವತ್ತೂ ತಲೆಯಿಂದ ಹೋಗಲ್ಲ. ಸ್ಕ್ರೀನೇ ನಿಂತ ಮೇಲೆ ಒಳಗೆ ಏನಾಯ್ತು ಅಂತ ಹೇಳೋದು ಬೋರ್ಡಿಂದ ಲ್ಯಾಪ್‌ಟಾಪಿಗೆ ಅಕ್ಷರ ಕಳಿಸೋ ಸೀರಿಯಲ್ ಲೈನ್ ಒಂದೇ. ಅವತ್ತು ರಾತ್ರಿ ಕೈ ತಗುಲಿ ಆ ಲೈನಿನ ಪ್ಯಾಡ್, ಅಂದ್ರೆ ವೈರ್ ಬೆಸೆಯೋ ಚುಕ್ಕೆ, ಬೋರ್ಡಿಂದ ಎದ್ದು ಬಂತು. ಇದ್ದಿದ್ದು ಅದೊಂದೇ ಬೋರ್ಡ್, ಇನ್ನೆರಡು ದಿನದಲ್ಲಿ ವಾಪಸ್ ಕೊಡ್ಬೇಕಿತ್ತು. ಒಂಬತ್ತು ಗಂಟೆಗೆ ಅವರು ಶಟರ್ ಎಳೀತಿರ್ಬೇಕಾದ್ರೆ ಹೋದೆ.

ಪರಿಚಯ ಏನೂ ಇರ್ಲಿಲ್ಲ. ಬೋರ್ಡ್ ತಗೊಂಡು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದ್ರು, ಡ್ರಾಯರ್ ತೆಗೆದು ಕೂದಲೆಳೆ ಅಷ್ಟು ಸಣ್ಣ ವೈರ್ ಇದೆಯಾ ಅಂತ ಹುಡುಕಿದ್ರು, ಸಿಕ್ಕ ಮೇಲೇ "ಆಗುತ್ತೆ, ಕೂತ್ಕೋ" ಅಂದ್ರು. ಆಮೇಲೆ ಗೊತ್ತಾಯ್ತು ಅವರು ಯಾವತ್ತೂ ಹಂಗೇ, ಪಾರ್ಟ್ ಕೈಲಿಲ್ಲದೆ ಯಾರ ಫೋನೂ ಬಿಚ್ಚಲ್ಲ, ಬಿಚ್ಚಿಟ್ಕೊಂಡು ನಾಳೆ ಬಾ ನಾಡಿದ್ದು ಬಾ ಅನ್ನಲ್ಲ. ಕಿತ್ತುಹೋದ ಕಡೆ ಆ ವೈರಿಂದ ಜಂಪರ್ ಎಳೆದು, ಮೇಲೆ ಗಮ್ ಹಾಕಿ, "ಇದನ್ನ ಗಾಡೀಲಿ ಮನೆಗೆ ತಗೊಂಡು ಹೋದ್ರೆ ಕಿತ್ಕೊಳ್ಳುತ್ತೆ, ನಿನ್ನ ಕೆಲಸ ಇಲ್ಲೇ ಮಾಡ್ಕೋ, ನಾನಿರ್ತೀನಿ" ಅಂದ್ರು. ಮನೆಗೆ ಫೋನ್ ಮಾಡಿ ಲೇಟಾಗುತ್ತೆ ಅಂದ್ರು, ಬೋರ್ಡ್ ಮತ್ತೆ ನಿಲ್ಲೋ ತನಕ ಕಾಯ್ಬೇಕಿತ್ತು, ಎಷ್ಟು ಲೇಟು ಅಂತ ಇಬ್ಬರಿಗೂ ಗೊತ್ತಿರ್ಲಿಲ್ಲ.

ಒಂದೂವರೆಗೆ ಕರೆಂಟ್ ಹೋಯ್ತು. ಬೋರ್ಡ್ ಆಫ್ ಆದ್ರೆ ಅಲ್ಲಿವರೆಗೆ ಓಡಿಸಿದ್ದೆಲ್ಲ ಮತ್ತೆ ಮೊದಲಿಂದ, ಅದಕ್ಕೆ ಫ್ಯಾನು ಲೈಟು ಎಲ್ಲ ಆಫ್ ಮಾಡಿ ಇನ್ವರ್ಟರ್‌ನ ಬೋರ್ಡಿಗೂ ಲ್ಯಾಪ್‌ಟಾಪಿಗೂ ಮಾತ್ರ ಬಿಟ್ರು. ಎರಡು ಗಂಟೆಗೆ ಅಮ್ಮನ ಫೋನ್, ಅಪ್ಪನಿಗೆ ಉಸಿರಾಟ ಕಷ್ಟ ಆಗ್ತಿದೆ ಅಂತ.

ಆ ಒಂದು ನಿಮಿಷ ನಾನು ಎದ್ದು ನಿಂತೆ, ಆದ್ರೆ ಬಾಗಿಲ ಕಡೆ ಹೋಗ್ಲಿಲ್ಲ, ಬೋರ್ಡ್ ನೋಡ್ತಾ ನಿಂತಿದ್ದೆ. ಅಪ್ಪ ಅಲ್ಲಿ ಹಂಗಿದ್ದಾಗ ನಾನು ಬೋರ್ಡ್ ನೋಡ್ತಾ ನಿಂತಿದ್ದೆ. ಇದನ್ನ ಇಲ್ಲಿವರೆಗೂ ಯಾರಿಗೂ ಹೇಳಿಲ್ಲ. ಅಣ್ಣ ನನ್ನ ಭುಜ ಹಿಡಿದು ಹೊರಗೆ ತಳ್ಳಿದ್ರು, "ಏನ್ ಒತ್ತಬೇಕು ಬರೆದಿಟ್ಟು ಹೋಗು" ಅಂದ್ರು. ಹಳೇ ಬಿಲ್ ಹಿಂದೆ ಬರೆದೆ: ಸ್ಕ್ರೀನ್ ನಿಂತ್ರೆ ಕಂಟ್ರೋಲ್ ಎ, ಆಮೇಲೆ ಎಫ್, ಐದು ಸೆಕೆಂಡ್ ಒಳಗೆ ಡಬ್ಲ್ಯು, ಬಂದಿದ್ದನ್ನೆಲ್ಲ ಫೋಟೋ ತೆಗೀರಿ. ಹಂಗೆ ಒತ್ತಿದ್ರೆ ಯಾವ ಯಾವ ಕೆಲಸ ಎಲ್ಲಿ ಸಿಕ್ಕಿ ನಿಂತಿದೆ ಅಂತ ಕರ್ನಲ್ ಲ್ಯಾಪ್‌ಟಾಪಿಗೆ ಪಟ್ಟಿ ಕಳಿಸುತ್ತೆ.

ನಾಲ್ಕು ಗಂಟೆಗೆ ಹತ್ತು ನಿಮಿಷ ಇದ್ದಾಗ ಅದು ನಿಂತಿದೆ. ನಾನಾಗ ಆಸ್ಪತ್ರೆ ಕಾರಿಡಾರಲ್ಲಿದ್ದೆ, ಅಪ್ಪನಿಗೆ ಆಕ್ಸಿಜನ್ ಹಾಕಿದ್ರು. ವಾಟ್ಸಾಪಲ್ಲಿ ಒಂದಾದ ಮೇಲೊಂದು ಹನ್ನೊಂದು ಫೋಟೋ ಬಂತು, ಒಂದೂ ಅಲ್ಲಾಡಿಲ್ಲ, ಎಲ್ಲ ಅಕ್ಷರ ಓದೋ ಹಂಗಿತ್ತು. ಆರನೇ ಫೋಟೋದಲ್ಲಿ ನನ್ನ ತಪ್ಪು ಎದ್ದು ಕಾಣ್ತಿತ್ತು. ಮೇಲೂ ನಮ್ಮ ಫಂಕ್ಷನ್, ಕೆಳಗೂ ನಮ್ಮ ಫಂಕ್ಷನ್, ನಡುವೆ ಕರ್ನಲ್‌ದು.

ಚಿತ್ರ ಬರೆಯೋ ಕೆಲಸ ಬಂದ ತಕ್ಷಣ ಡ್ರೈವರ್ ಒಂದು ಫೆನ್ಸ್ ಕೊಡುತ್ತೆ, ಅಂದ್ರೆ ಈ ಕೆಲಸ ಮುಗಿದೇ ಮುಗಿಯುತ್ತೆ ಅನ್ನೋ ಮಾತು. ಹಂಗೆ ಮಾತು ಕೊಟ್ಟು, ಆಮೇಲೆ ಕೆಲಸ ಮಾಡೋ ಥ್ರೆಡ್‌ನಲ್ಲಿ ನಾನು ಒಂಚೂರು ಮೆಮೊರಿ ಕೇಳ್ತಿದ್ದೆ. ಬೋರ್ಡಲ್ಲಿ ಇರೋದೇ 512 ಎಂಬಿ. ಮೆಮೊರಿ ಇಲ್ಲದಿದ್ದಾಗ ಕರ್ನಲ್ ಎಲ್ಲರ ಹತ್ರ ಬಿಡಿಸ್ಕೊಳ್ಳೋಕೆ ಹೊರಡುತ್ತೆ, ನಮ್ಮ ಡ್ರೈವರ್ ಹತ್ರಾನೂ ಬರುತ್ತೆ, ಡ್ರೈವರ್ ಒಂದು ಬಫರ್ ಬಿಡೋಕೆ ಮುಂಚೆ ಅದರ ಫೆನ್ಸ್ ಮುಗೀಲಿ ಅಂತ ಕಾಯುತ್ತೆ. ಆ ಫೆನ್ಸ್ ಮುಗಿಸ್ಬೇಕಾದ ಥ್ರೆಡ್ಡೇ ಕಾಯ್ತಾ ನಿಂತಿರೋದು. ಫೆನ್ಸ್ ದಾರೀಲಿ ಹಂಗೆ ಮೆಮೊರಿ ಕೇಳ್ಬಾರ್ದು ಅಂತ ಡಾಕ್ಯುಮೆಂಟಲ್ಲಿ ಸ್ಪಷ್ಟವಾಗಿ ಬರೆದಿದೆ, ನಾನು ಓದಿದ್ದೆ ಕೂಡ. ಇಂಥದ್ದನ್ನ ಹಿಡಿಯೋ ಗುರುತುಗಳು 2020ರಲ್ಲೇ ಕರ್ನಲ್‌ಗೆ ಬಂದಿವೆ, ಅವನ್ನ ಕೋಡಲ್ಲಿ ಹಾಕಿದ್ರೆ ಬೋರ್ಡ್ ನಿಲ್ಲೋ ತನಕ ಕಾಯೋದೇ ಬೇಡ, ಇಂಥ ಸಿಕ್ಕು ಹುಡುಕೋ ಕರ್ನಲ್‌ನ ಲಾಕ್‌ಡೆಪ್ ಮೊದಲೇ ಕೂಗುತ್ತೆ. ನಾನು ಹಾಕಿರ್ಲಿಲ್ಲ.

ಆಮೇಲೆ ಪೂರ್ತಿ ತಿರುಗಿಸಿ ಬರೆದ್ವಿ. ಈಗ ಆ ಕೆಲಸಕ್ಕೆ ಬೇಕಾಗೋ ಅಷ್ಟೂ ಮೆಮೊರಿ ಮೊದಲೇ ಎತ್ತಿಟ್ಕೊಂಡು ಆಮೇಲೇ ಫೆನ್ಸ್ ಕೊಡೋದು, ಸಿಗದಿದ್ರೆ ಅಲ್ಲೇ ಇಲ್ಲ ಅಂತ ಎರರ್ ವಾಪಸ್, ಆ್ಯಪ್ ಒಂದು ಫ್ರೇಮ್ ಬಿಟ್ಟು ಮುಂದೆ ಹೋಗುತ್ತೆ, ಸಾಲು ನಿಲ್ಲಲ್ಲ. ಆ ಕೋಡ್ ಬರೀತಿರ್ಬೇಕಾದ್ರೆ ಡ್ರಾಯರಲ್ಲಿ ವೈರ್ ಹುಡುಕ್ತಿದ್ದ ಅವರ ಕೈ ನೆನಪಾಗ್ತಾನೇ ಇತ್ತು. ಮೂರು ತಿಂಗಳಿಂದ ಆರು ಡೈರಿಲಿ ಓಡ್ತಿದೆ, ಒಂದು ಸಲಾನೂ ನಿಂತಿಲ್ಲ.

ಬೆಳಿಗ್ಗೆ ಆರೂವರೆಗೆ ನಾನು ಅಂಗಡಿಗೆ ವಾಪಸ್ ಬಂದಾಗ ಅಣ್ಣ ಸ್ಟೂಲ್ ಮೇಲೆ ಹಂಗೇ ಕೂತಿದ್ರು, ಬೋರ್ಡ್ ಮೇಲೆ ಧೂಳು ಬೀಳ್ದಂಗೆ ಕರ್ಚೀಫ್ ಹಾಸಿದ್ರು. ಮೊದಲು ಕೇಳಿದ್ದು "ಅಪ್ಪ ಹೆಂಗಿದಾರೆ" ಅಂತ. ಜಂಪರ್‌ಗೆ ನೂರೈವತ್ತು ತಗೊಂಡ್ರು, ರಾತ್ರಿಗೆ ಏನು ಕೊಡ್ಲಿ ಅಂದಿದ್ದಕ್ಕೆ ಉತ್ತರ ಹೇಳ್ದೆ ಶಟರ್ ಎತ್ತಿದ್ರು.

ಅಣ್ಣ, ಅಪ್ಪ ಈಗ ಅವರಾಗೇ ನಡೆದು ಅಮಾನಿಕೆರೆ ತನಕ ಹೋಗಿ ಬರ್ತಾರೆ, ನಿಮ್ಮನ್ನ ನೋಡ್ಬೇಕಂತೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಗಾಡಿ ತಗೊಂಡು ಬರ್ತೀನಿ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಣ, ಮಠಕ್ಕೂ ಹೋಗಿ ಬರೋಣ. ಅಂಗಡಿ ತೆಗೆಯೋ ಹೊತ್ತಿಗೆ ವಾಪಸ್ ಬಿಡ್ತೀನಿ.