450 ರೂಪಾಯಿಗೆ ಬಿದ್ದ ಬೀಗ: ದಾವಣಗೆರೆ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ,

ನಮಸ್ಕಾರ.

ನಾನು ದಾವಣಗೆರೆಯ ಒಂದು ಸಣ್ಣ ಮಹಿಳಾ ಸಂಘದ ಕಾರ್ಯದರ್ಶಿ. ನಾವು ಹನ್ನೊಂದು ಜನ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸೆ ಪುಡಿ ಮಾಡಿ ಮಾರುತ್ತೇವೆ. ಒಂಬತ್ತು ವರ್ಷ ಆಯ್ತು. ಇಷ್ಟು ವರ್ಷದಲ್ಲಿ ಯಾವ ಜನಪ್ರತಿನಿಧಿಗೂ ಪತ್ರ ಬರೆದವಳಲ್ಲ ನಾನು. ಜಾಗ ಕೊಡಿ, ಮಳಿಗೆ ಕೊಡಿ, ಸಬ್ಸಿಡಿ ಕೊಡಿ ಅಂತ ಯಾರ ಬಾಗಿಲಿಗೂ ಹೋಗಿಲ್ಲ. ಈಗ ಬರೆಯುತ್ತಿದ್ದೇನೆ. ಇನ್ನು ತಡೆದುಕೊಳ್ಳೋಕೆ ಆಗಲ್ಲ.

ಕೇಳುವುದು ಒಂದೇ. ನಮ್ಮಂಥ ಸಣ್ಣ ಸಂಘಗಳು ಆನ್‌ಲೈನ್‌ನಲ್ಲಿ ದುಡ್ಡು ತಗೊಳ್ಳೋಕೆ, ಗಿರಾಕಿಗಳಿಗೆ ಸುದ್ದಿ ಮುಟ್ಟಿಸೋಕೆ ಕೈಗೆಟಕುವ ಖರ್ಚಿನ ಒಂದು ವ್ಯವಸ್ಥೆ ಜಿಲ್ಲೆಯಲ್ಲಿ ಆಗಬೇಕು. ಅದರಲ್ಲಿ ತೊಂದರೆ ಬಂದಾಗ ಎದುರಿಗೆ ಕೂತು ಕನ್ನಡದಲ್ಲಿ ಮಾತಾಡೋಕೆ ಒಬ್ಬ ಮನುಷ್ಯ ಇರಬೇಕು. ಅಷ್ಟೇ.

2024ರ ದೀಪಾವಳಿಗೆ ಹದಿನೈದು ದಿನ ಇತ್ತು. ಮಂಡಿಪೇಟೆಯಲ್ಲಿ ಶೇಂಗಾ, ಬೆಲ್ಲ, ಒಣಮೆಣಸಿನಕಾಯಿ ಕಟ್ಟಿಸಿ ದುಡ್ಡು ಕೊಡೋಕೆ ಫೋನ್ ತೆಗೆದೆ. ಹೋಗಲಿಲ್ಲ. ಮತ್ತೆ ಒತ್ತಿದೆ. ಹೋಗಲಿಲ್ಲ. ಅಂಗಡಿಯವರು ಹಳಬರು. "ನೆಟ್‌ವರ್ಕ್ ಇರಬೇಕು ಬಿಡಕ್ಕ, ಸಂಜೆ ಹಾಕು" ಅಂದ್ರು. ಉದ್ರಿ ಬರೆಸಿ ಚೀಲ ಆಟೋಗೆ ಹಾಕಿಸಿಕೊಂಡು ಬಂದೆ. ಸಂಜೆಯೂ ಹೋಗಲಿಲ್ಲ.

ಮಾರನೇ ದಿನ ಬ್ಯಾಂಕಿಗೆ ಹೋದೆ. ಕೌಂಟರ್‌ನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ ನನ್ನ ಮುಖ ನೋಡಿದ. "ಮೇಡಂ, ನಿಮ್ಮ ಸಂಘದ ಖಾತೆ ಫ್ರೀಜ್ ಆಗಿದೆ. ಸೈಬರ್ ಕಂಪ್ಲೇಂಟ್ ಇದೆ" ಅಂದ. ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ನನಗೆ ನಿಂತಲ್ಲೇ ಕಾಲು ನಡುಗಿತು.

ಆಮೇಲೆ ತಿಳಿದಿದ್ದು ಇಷ್ಟು. ಬೇರೆ ಯಾವುದೋ ರಾಜ್ಯದಲ್ಲಿ ಯಾರಿಗೋ ಯಾರೋ ಮೋಸ ಮಾಡಿದ್ದಾರೆ. ಆ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿದೆ. ಅದರಲ್ಲಿ ಒಂದು ಖಾತೆಯಿಂದ ನಮ್ಮ ಸಂಘಕ್ಕೆ 450 ರೂಪಾಯಿ ಬಂದಿದೆ. ಎರಡು ಕಟ್ಟು ರೊಟ್ಟಿ, ಅರ್ಧ ಕೆಜಿ ಶೇಂಗಾ ಪುಡಿಯ ದುಡ್ಡು ಅದು. ಪಾರ್ಸಲ್ ಬೆಂಗಳೂರಿನ ಬಸ್ಸಿಗೆ ಹೋಗಿದ್ದು. ರಸೀದಿ ಇವತ್ತಿಗೂ ನನ್ನ ಹತ್ತಿರ ಇದೆ.

ಖಾತೆಯಲ್ಲಿ ಇದ್ದಿದ್ದು 38,460 ರೂಪಾಯಿ. ಅನುಮಾನ ಇದ್ದಿದ್ದು 450ರ ಮೇಲೆ. ಬೀಗ ಬಿದ್ದಿದ್ದು ಪೂರ್ತಿ 38,460ಕ್ಕೆ.

450 ಹಿಡಿದಿಟ್ಟುಕೊಳ್ಳಿ, ಉಳಿದದ್ದು ಬಿಡಿ ಅಂತ ಕೈ ಮುಗಿದೆ. "ನಮ್ಮ ಕೈಲಿಲ್ಲ ಮೇಡಂ, ಆ ಊರಿನ ಪೊಲೀಸರನ್ನೇ ಕೇಳಬೇಕು" ಅಂದ್ರು. ಒಂದು ಚೀಟಿಯಲ್ಲಿ ಫೋನ್ ನಂಬರು, ಇಮೇಲ್ ಬರೆದುಕೊಟ್ಟರು. ಆ ನಂಬರಿಗೆ ಎಷ್ಟು ಸಲ ಮಾಡಿದೆನೋ ಲೆಕ್ಕ ಇಲ್ಲ. ಒಂದು ಸಲ ಎತ್ತಿದರು. ಅವರು ಹಿಂದಿಯಲ್ಲಿ ಏನೋ ಕೇಳಿದರು. ನಾನು ಕನ್ನಡದಲ್ಲಿ "ರೊಟ್ಟಿ ಮಾರಿದ ದುಡ್ಡು ಸರ್" ಅಂತ ಅಂದೆ. ಕಟ್ ಆಯ್ತು. ತಂಗಿಯ ಮಗನ ಕೈಲಿ ಇಂಗ್ಲಿಷಿನಲ್ಲಿ ಮೇಲ್ ಬರೆಸಿದೆ. ಸಂಘದ ನೋಂದಣಿ ಪತ್ರ, ಬೈಲಾ, ಪಾರ್ಸಲ್ ರಸೀದಿ, ನನ್ನ ಆಧಾರ್, ಪ್ಯಾನ್, ಎಲ್ಲ ಹಚ್ಚಿ ಕಳಿಸಿದೆ. ಉತ್ತರ ಇಲ್ಲ. ಮತ್ತೆ ಕಳಿಸಿದೆ. ಬ್ಯಾಂಕಿಗೆ ಏಳು ಸಲ ಹೋದೆ. ಏಳೂ ಸಲ ಅದೇ ಚೀಟಿ.

ದೀಪಾವಳಿ ಬಂತು. ಮಾಡಿದ ಕೆಲಸದ ಕೂಲಿ ಯಾರಿಗೂ ಕೊಡೋಕೆ ಆಗಲಿಲ್ಲ. ನಮ್ಮಲ್ಲಿ ರೊಟ್ಟಿ ತಟ್ಟುವ ಒಬ್ಬ ಅಕ್ಕ ಇದ್ದಾಳೆ. ಗಂಡ ಇಲ್ಲ. ಬೆಳಿಗ್ಗೆ ಐದಕ್ಕೆ ಒಲೆ ಮುಂದೆ ಕೂತರೆ ಹನ್ನೊಂದರವರೆಗೆ ಏಳೋದಿಲ್ಲ. ಬಲಗೈ ಬೆರಳ ತುದಿಯಲ್ಲಿ ರೇಖೆಗಳೇ ಸವೆದುಹೋಗಿವೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಿಷನ್ ತಗೊಳ್ಳಲ್ಲ. ಹಬ್ಬದ ಹಿಂದಿನ ಸಂಜೆ ಮಗಳನ್ನು ಕರಕೊಂಡು ಬಂದಳು. ದುಡ್ಡು ಕೇಳೋಕೆ ಬಂದಿದ್ದು, ನನಗೆ ಗೊತ್ತು. ನನ್ನ ಮುಖ ನೋಡಿ ಕೇಳಲಿಲ್ಲ. "ಎಲ್ಲಿ ಹೋಗುತ್ತೆ ಬಿಡಕ್ಕ, ನೀನೇನು ತಿಂದಿದ್ದೀಯಾ?" ಅಂದು ಟೀ ಕುಡಿದು ಹೋದಳು.

ಅವಳು ಬೈದಿದ್ದರೆ ನನಗೆ ಇಷ್ಟು ಸಂಕಟ ಆಗ್ತಿರಲಿಲ್ಲ.

ಮಾರನೇ ದಿನ ನನ್ನ ಎರಡು ಬಳೆ ಅಡ ಇಟ್ಟು ಎಲ್ಲರಿಗೂ ಅರ್ಧ ಅರ್ಧ ಕೂಲಿ ಕೊಟ್ಟೆ. ಓಣಿಯಲ್ಲಿ ಅಷ್ಟೊತ್ತಿಗೆ "ಸಂಘದ ಮೇಲೆ ಪೊಲೀಸ್ ಕೇಸ್ ಆಗಿದೆಯಂತೆ" ಅಂತ ಸುದ್ದಿ ಹಬ್ಬಿತ್ತು. ಇಬ್ಬರ ಮನೆಯಲ್ಲಿ ಗಂಡಂದಿರು ಸಂಘ ಬಿಡು ಅಂತ ಜಗಳ ತೆಗೆದರು. ಒಬ್ಬಳು ಬಿಟ್ಟೇ ಬಿಟ್ಟಳು. ಆಗ ನಾವು ಹನ್ನೆರಡು ಜನ ಇದ್ದೆವು.

ನಲವತ್ತೇಳು ದಿನ ಆದಮೇಲೆ ಖಾತೆ ತೆರೆಯಿತು. ಯಾರೂ ಪತ್ರ ಬರೆಯಲಿಲ್ಲ, ಫೋನ್ ಮಾಡಲಿಲ್ಲ. ಯಾಕೆ ಮುಚ್ಚಿದರು, ಯಾಕೆ ತೆರೆದರು, ಇವತ್ತಿಗೂ ನಮಗೆ ಹೇಳಿದವರಿಲ್ಲ. ನಾವು ಕಳ್ಳರಲ್ಲ ಅಂತ ಒಂದು ಕಾಗದ ಕೊಟ್ಟಿದ್ದರೆ ಓಣಿಯಲ್ಲಿ ತೋರಿಸ್ತಿದ್ದೆ.

ಸೈಬರ್ ಮೋಸ ನಿಲ್ಲಲಿ, ಬೇಡ ಅನ್ನಲ್ಲ. ಸೈಬರ್ ಮೋಸದ ದೂರಿನ ನಂಬರ್ 1930ಕ್ಕೆ ಫೋನ್ ಮಾಡಿದವರ ದುಡ್ಡು ಉಳಿಯಲಿ, ಅವರೂ ನಮ್ಮಂಥವರೇ. ಆದರೆ ಪೊಲೀಸರು ಹೇಳಿದ ಮೊತ್ತಕ್ಕೆ ಮಾತ್ರ ತಡೆ ಹಾಕಿ, ಪೂರ್ತಿ ಖಾತೆಗೆ ಬೇಡ ಅಂತ ಕೇರಳ ಹೈಕೋರ್ಟ್ 2023ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಇದು ನಿಮಗೆ ಗೊತ್ತಿರುತ್ತೆ. ನಮಗೆ ಗೊತ್ತಾಗೋಕೆ ಒಬ್ಬ ವಕೀಲರ ಮನೆಗೆ ಹೋಗಬೇಕಾಯ್ತು. ಕೋರ್ಟ್ ಹೇಳಿದ ಮಾತು ನಮ್ಮೂರಿನ ಕೌಂಟರಿಗೆ ಯಾಕೆ ಬರಲಿಲ್ಲ? ದೊಡ್ಡ ಕಂಪನಿಯ ಖಾತೆ ಆಗಿದ್ದರೆ ಹೀಗೆ ನಲವತ್ತೇಳು ದಿನ ಕಾಯಿಸುತ್ತಿದ್ದರಾ?

ಅದಕ್ಕೇ ಮತ್ತೆ ಕೇಳುತ್ತೇನೆ. ಎದುರಿಗೆ ಕೂತು ಮಾತಾಡೋಕೆ ಒಬ್ಬ ಮನುಷ್ಯನನ್ನು ಕೊಡಿ.

ಇನ್ನು ಶುಲ್ಕದ ಮಾತು. ಯುಪಿಐ 2016ರಲ್ಲಿ ಬಂತು. 2020ರ ಜನವರಿ 1ರಿಂದ ಯುಪಿಐ ಮೇಲೆ ವ್ಯಾಪಾರಿಗಳಿಗೆ ಬ್ಯಾಂಕ್ ಶುಲ್ಕ ಹಾಕುವಂತಿಲ್ಲ. ಇದನ್ನು ಕೇಳಿ ನಾವು ಎಷ್ಟು ಖುಷಿಪಟ್ಟಿದ್ದೆವು. ಎದುರಿಗೆ ನಿಂತು ಸ್ಕ್ಯಾನ್ ಮಾಡುವ ಗಿರಾಕಿಯಿಂದ ಇವತ್ತಿಗೂ ಒಂದು ರೂಪಾಯಿ ಕಡಿತ ಇಲ್ಲ, ನಿಜ. ಆದರೆ ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಎದುರಿಗೆ ಬರೋರಲ್ಲ. ಬೆಂಗಳೂರು, ಹುಬ್ಬಳ್ಳಿ, ಪುಣೆಯಲ್ಲಿ ಇರುವ ನಮ್ಮೂರ ಮಕ್ಕಳು. ಯಾರು ಯಾವುದಕ್ಕೆ ಎಷ್ಟು ಹಾಕಿದರು ಅಂತ ತಾನಾಗೇ ಲೆಕ್ಕ ಸಿಗಬೇಕು ಅಂದ್ರೆ ಪೇಮೆಂಟ್ ಲಿಂಕ್ ಬೇಕು, ಅಂದ್ರೆ ಫೋನಿನಲ್ಲಿ ಒತ್ತಿದರೆ ದುಡ್ಡು ಕಟ್ಟುವ ಪುಟ ತೆರೆಯುವ ಕೊಂಡಿ. ಅದಕ್ಕೆ ನಡುವೆ ಒಂದು ಕಂಪನಿ ಬೇಕು. ನಮಗೆ ಅವರು ಹೇಳಿದ ದರ ನೂರಕ್ಕೆ 2 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಯುಪಿಐನಲ್ಲಿ ಬಂದರೂ ಅಷ್ಟೇ. ಅದು ಬ್ಯಾಂಕ್ ಶುಲ್ಕ ಅಲ್ಲ, ಪ್ಲಾಟ್‌ಫಾರ್ಮ್ ಶುಲ್ಕ ಅಂದ್ರು.

450 ರೂಪಾಯಿಯ ಆರ್ಡರಿಗೆ ಇದು 10 ರೂಪಾಯಿ 62 ಪೈಸೆ. ಸಣ್ಣದು ಅನ್ನಿಸಬಹುದು. ಆದರೆ ಜೋಳ, ಶೇಂಗಾ, ಗ್ಯಾಸ್, ಕೂಲಿ, ಪ್ಯಾಕೆಟ್ ಎಲ್ಲ ಕಳೆದು ಆ ಆರ್ಡರಿನಲ್ಲಿ ಸಂಘಕ್ಕೆ ಉಳಿಯೋದು 60 ರೂಪಾಯಿ. ಅದರಲ್ಲಿ ಆರರಲ್ಲೊಂದು ಪಾಲು ಲಿಂಕ್ ಕೊಟ್ಟವರಿಗೆ ಹೋಗುತ್ತೆ. ಹೋಗಲಿ ಅಂತ ಅದಕ್ಕೂ ಒಪ್ಪಿದೆವು. ಆಗ ವೆಬ್‌ಸೈಟ್ ಎಲ್ಲಿ ಅಂದ್ರು. ಅದರಲ್ಲಿ ರೀಫಂಡ್ ನಿಯಮ, ಪ್ರೈವೆಸಿ ನಿಯಮದ ಪುಟಗಳು ಇರಬೇಕಂತೆ. ರೊಟ್ಟಿ ಮುರಿದಿದ್ದರೆ ಬೇರೆ ಕಟ್ಟು ಕಳಿಸ್ತೀವಿ, ಇದೇ ನಮ್ಮ ನಿಯಮ ಅಂದೆ. ಇಂಗ್ಲಿಷಿನಲ್ಲಿ ಬರೆದು ವೆಬ್‌ಸೈಟಿಗೆ ಹಾಕಿ ಅಂದ್ರು. ವೆಬ್‌ಸೈಟ್ ಮಾಡೋಕೆ ಒಬ್ಬರು 15,000 ಕೇಳಿದರು.

ಅಂಗಡಿಯಲ್ಲಿ ದುಡ್ಡು ಬಂದಿದ್ದನ್ನು ಕೂಗಿ ಹೇಳುವ ಡಬ್ಬಿ ಇದೆಯಲ್ಲ, ಅದಕ್ಕೂ ತಿಂಗಳಿಗೆ 118 ರೂಪಾಯಿ ಬಾಡಿಗೆ ಕಟ್ ಆಗುತ್ತೆ. ವ್ಯಾಪಾರ ಇಲ್ಲದ ಆಷಾಢದಲ್ಲೂ ಬಿಡಲ್ಲ.

ಸುದ್ದಿ ಮುಟ್ಟಿಸೋದು ಇನ್ನೊಂದು ಗೋಳು. ನಮ್ಮ ಪುಸ್ತಕದಲ್ಲಿ ಸುಮಾರು 700 ಗಿರಾಕಿಗಳ ನಂಬರ್ ಇದೆ. ಎಲ್ಲ ಅವರೇ ಬರೆಸಿಕೊಂಡಿದ್ದು. "ಹೊಸ ಜೋಳ ಬಂದಿದೆ, ರೊಟ್ಟಿ ರೆಡಿ" ಅಂತ ಅವರಿಗೆ ಒಂದು ಮೆಸೇಜ್ ಹೋದರೆ ಸಾಕು. ಎಸ್‌ಎಂಎಸ್ ಕಳಿಸಬೇಕು ಅಂದ್ರೆ ಮೊದಲು ಡಿಎಲ್‌ಟಿ ನೋಂದಣಿ, ಅಂದ್ರೆ ವ್ಯಾಪಾರದ ಮೆಸೇಜ್ ಕಳಿಸುವವರು ಫೋನ್ ಕಂಪನಿಗಳ ಹತ್ತಿರ ಹೆಸರು ಬರೆಸೋದು. ನಮಗೆ ಹೇಳಿದ ಶುಲ್ಕ 5,900 ರೂಪಾಯಿ. ಹೆಡರಿಗೆ, ಅಂದ್ರೆ ಮೆಸೇಜ್ ಮೇಲೆ ಕಾಣುವ ಕಳಿಸಿದವರ ಹೆಸರಿಗೆ, ಒಪ್ಪಿಗೆ ಬೇಕು, ಕಳಿಸುವ ಒಂದೊಂದು ವಾಕ್ಯಕ್ಕೂ ಮೊದಲೇ ಒಪ್ಪಿಗೆ ಬೇಕು. ಮೋಸದ ಮೆಸೇಜ್ ತಡೆಯೋಕೆ ಈ ನಿಯಮ ಅಂತ ಗೊತ್ತು. ನಮ್ಮ ಫೋನಿಗೆ ದಿನಾ ಸಾಲದ ಆಮಿಷ, ಜೂಜಿನ ಆ್ಯಪ್‌ನ ಮೆಸೇಜ್ ಬರೋದು ಮಾತ್ರ ನಿಂತಿಲ್ಲ. ನಿಂತಿದ್ದು ರೊಟ್ಟಿಯ ಸುದ್ದಿ. ವಾಟ್ಸಾಪ್‌ನಲ್ಲಿ ಕಳಿಸಿ ಅಂತಾರೆ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತೆ. ಅದಕ್ಕಿಂತ ದೊಡ್ಡದು ಬೇಕು ಅಂದ್ರೆ ಮೆಸೇಜಿಗಿಷ್ಟು ಅಂತ ದುಡ್ಡು, ನಡುವಿನ ಕಂಪನಿಗೆ ತಿಂಗಳ ಬಾಡಿಗೆ ಬೇರೆ. ಹಾಗಾಗಿ ನಮ್ಮ ಸಂಘದ ಪಿಯುಸಿ ಓದಿದ ಹುಡುಗಿ ರಾತ್ರಿ ಕೂತು ಒಬ್ಬೊಬ್ಬರಿಗೇ ಕಳಿಸ್ತಾಳೆ. ಹೋದ ಯುಗಾದಿಗೆ ಜಾಸ್ತಿ ಕಳಿಸಿದಳು ಅಂತ ಅವಳ ನಂಬರ್ ಒಂದು ವಾರ ಬಂದ್ ಆಯ್ತು.

ಇ-ಕಾಮರ್ಸ್‌ನಲ್ಲಿ ಮಾರಿ ಅನ್ನುವವರಿಗೂ ಒಂದು ಮಾತು. 2023ರ ಅಕ್ಟೋಬರ್ 1ರಿಂದ ಸಣ್ಣವರು ಜಿಎಸ್‌ಟಿ ನೋಂದಣಿ ಇಲ್ಲದೆಯೂ ಆನ್‌ಲೈನ್ ಅಂಗಡಿಗಳಲ್ಲಿ ಮಾರಬಹುದು ಅಂತ ಮಾಡಿದ್ದಾರೆ. ಒಳ್ಳೇದು. ಆದರೆ ರಾಜ್ಯದೊಳಗೆ ಮಾತ್ರ. ಪುಣೆಯ ಹುಡುಗನಿಗೆ ಆ ದಾರಿಯಲ್ಲಿ ರೊಟ್ಟಿ ಮಾರೋಕೆ ನಮಗೆ ನೋಂದಣಿ ಬೇಕೇ ಬೇಕು.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಿದ್ದು ನಿಮಗೆ ನೆನಪಿರಬೇಕು. ಬೆಂಗಳೂರಿನಲ್ಲಿ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಅಂತ ಬೋರ್ಡ್ ಬಿತ್ತು. ಆ ಭಯ ಇಲ್ಲಿಗೂ ಬಂತು. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ. ನಮ್ಮದು ಅದರ ಹತ್ತಿರವೂ ಇಲ್ಲ. ಆದರೂ ನಮ್ಮವರು ಕ್ಯೂಆರ್ ಚೀಟಿ ಕಿತ್ತು ಡಬ್ಬಿಯೊಳಗೆ ಇಟ್ಟರು. "ಮೊದಲೇ ಒಂದು ಸಲ ಸುಟ್ಟುಕೊಂಡೀವಿ" ಅಂದ್ರು. ಅವರಿಗೆ ಧೈರ್ಯ ಹೇಳೋಕೆ ನನ್ನ ಹತ್ತಿರ ಏನಿತ್ತು? ಹೋಗಿ ಕೇಳೋಕೆ ಒಂದು ಟೇಬಲ್, ಒಂದು ಕುರ್ಚಿ ಇದ್ದಿದ್ದರೆ ಅಲ್ಲಿಗೆ ಕರಕೊಂಡು ಹೋಗ್ತಿದ್ದೆ.

ಇದೆಲ್ಲ ಆಗದ ಕೆಲಸ ಅಂತ ಮಾತ್ರ ಹೇಳಬೇಡಿ. ಮನಸ್ಸು ಮಾಡಿದ್ದು ಆಗಿದೆ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡಿದ ಉದ್ಯಮ್ ನೋಂದಣಿ 2020ರಿಂದ ಪೂರ್ತಿ ಉಚಿತ. ನಾನೇ ಫೋನಿನಲ್ಲಿ ಮಾಡಿದೆ, ಅರ್ಧ ಗಂಟೆ ಆಗಲಿಲ್ಲ. ಸಣ್ಣವರಿಗೆ ಆಹಾರದ ನೋಂದಣಿ ನಾವು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಇತ್ತು. ಗೃಹಲಕ್ಷ್ಮಿ ದುಡ್ಡು ನೇರ ಹೆಂಗಸರ ಖಾತೆಗೇ ಬೀಳುತ್ತೆ. ಸಣ್ಣ ಅಂಗಡಿಯ ಯುಪಿಐ ವಹಿವಾಟಿಗೆ ಪ್ರೋತ್ಸಾಹಧನ ಅಂತ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಸುಮಾರು 1,500 ಕೋಟಿಗೆ ಒಪ್ಪಿಗೆ ಕೊಟ್ಟಿತು. ಆ ದುಡ್ಡು ಬ್ಯಾಂಕುಗಳಿಗೆ, ಪೇಮೆಂಟ್ ಕಂಪನಿಗಳಿಗೆ ಹೋಗುತ್ತೆ. ಅಷ್ಟು ಕೊಡುವಾಗ ಸಣ್ಣ ಸಂಘಕ್ಕೆ ಒಂದು ಲಿಂಕ್ ಪುಕ್ಕಟೆ ಕೊಡಿ ಅಂತ ಕೇಳೋದು ತಪ್ಪಾ?

ನಮ್ಮೂರು ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಪಟ್ಟಿಯಲ್ಲೇ ಇತ್ತು, 2016ರಲ್ಲಿ. ಅವತ್ತು ಓಣಿಯಲ್ಲಿ ಪೇಡ ಹಂಚಿದ್ದರು, ನಾನೂ ತಿಂದಿದ್ದೆ. ಅಂಥ ಊರಿನಲ್ಲಿ ಒಂದು ಲಿಂಕ್, ಒಂದು ಟೇಬಲ್ ಆಗಲ್ವಾ?

ಕೇಂದ್ರದ ಯೋಜನೆಗಳು ಹೇಗೆ ನಡೀತಿವೆ ಅಂತ ನೋಡುವ ಜಿಲ್ಲೆಯ ದಿಶಾ ಸಮಿತಿ ಸಭೆಗೆ ನೀವೇ ಅಧ್ಯಕ್ಷರು. ಬ್ಯಾಂಕಿನವರೂ ಜಿಲ್ಲಾ ಪಂಚಾಯ್ತಿಯವರೂ ನೀವು ಕರೆದರೆ ಬರ್ತಾರೆ. ಮುಂದಿನ ಸಭೆಯಲ್ಲಿ ಇದನ್ನು ಎತ್ತಿ. ಸಣ್ಣ ಸಂಘಗಳಿಗೆ ಕಡಿತ ಇಲ್ಲದ ಪೇಮೆಂಟ್ ಲಿಂಕ್ ಸರ್ಕಾರಿ ಬ್ಯಾಂಕಿನಿಂದಲೇ ಕೊಡಿಸಿ. ಎಸ್‌ಎಂಎಸ್ ನೋಂದಣಿಯನ್ನು ಜಿಲ್ಲಾ ಪಂಚಾಯ್ತಿ ಹೆಸರಿನಲ್ಲಿ ಒಂದೇ ಸಲ ಮಾಡಿಸಿ, ಎಲ್ಲ ಸಂಘಗಳೂ ಅದರಲ್ಲೇ ಕಳಿಸುವ ಹಾಗೆ ಆಗಲಿ. ಕರ್ನಾಟಕ ಒನ್ ಕೇಂದ್ರದಲ್ಲಿ ಕರೆಂಟ್ ಬಿಲ್ ಕಟ್ಟಿಸಿಕೊಳ್ಳುವ ಸಾಲಿನ ಪಕ್ಕ ಒಂದು ಟೇಬಲ್ ಹಾಕಿಸಿ, ಖಾತೆಗೆ ತಡೆ ಬಿದ್ದವರ ಕಾಗದ ತಗೊಂಡು ಬೇರೆ ರಾಜ್ಯದ ಪೊಲೀಸರ ಜೊತೆ ಮಾತಾಡೋಕೆ ಅಲ್ಲಿ ಒಬ್ಬರು ಇರಲಿ. ಅನುಮಾನದ ಮೊತ್ತಕ್ಕೆ ಮಾತ್ರ ತಡೆ ಅನ್ನೋದನ್ನ ದೇಶಕ್ಕೆಲ್ಲ ಒಂದೇ ನಿಯಮ ಮಾಡಿ ಅಂತ ಲೋಕಸಭೆಯಲ್ಲಿ ಕೇಳಿ. ನಿಮ್ಮ ಬಾಯಿಂದ ಬಂದರೆ ಅದು ದಾಖಲೆಗೆ ಹೋಗುತ್ತೆ. ನನ್ನ ಬಾಯಿಂದ ಬಂದಿದ್ದು ಆ ಕೌಂಟರ್ ದಾಟಿಲ್ಲ.

ಸಭೆಯ ದಿನ ಯಾವುದು ಅಂತ ತಿಳಿಸಿ. ನಾವು ಹನ್ನೊಂದು ಜನವೂ ಬರ್ತೀವಿ. ಪಾಸ್‌ಬುಕ್, ಆ ಪಾರ್ಸಲ್ ರಸೀದಿ, ಬ್ಯಾಂಕಿನಲ್ಲಿ ಕೊಟ್ಟ ಚೀಟಿ ಎಲ್ಲ ತರ್ತೀವಿ. ಬಿಟ್ಟು ಹೋದವಳನ್ನೂ ಕರೆದು ನೋಡ್ತೀನಿ. ಬಳೆ ಇನ್ನೂ ಅಡದಲ್ಲೇ ಇವೆ, ಅದನ್ನು ನಾನು ಬಿಡಿಸಿಕೊಳ್ತೀನಿ. ಲಿಂಕ್ ಮತ್ತು ಆ ಟೇಬಲ್ಲಿನ ಕೆಲಸ ಮಾತ್ರ ನಿಮ್ಮಿಂದಲೇ ಆಗಬೇಕು.

ಇಂತಿ,
ಒಂದು ಸಣ್ಣ ಮಹಿಳಾ ಸಂಘದ ಕಾರ್ಯದರ್ಶಿ
ದಾವಣಗೆರೆ